ಇನ್ನೂರು ಸಸಿ, ಇಪ್ಪತ್ತಮೂರು ಗಿಡ

ಮೊದಲೇ ಒಂದು ತಪ್ಪೊಪ್ಪಿಗೆ. 2023ರ ಜೂನ್ ನಲ್ಲಿ ನಮ್ಮ ಕಾಲೇಜಿನ ವಿಶ್ವ ಪರಿಸರ ದಿನಾಚರಣೆಯ ವರದಿಗೆ ಸಹಿ ಹಾಕಿದವನು ನಾನೇ. ಅದರಲ್ಲಿ ಹೀಗಿತ್ತು: "ಕಾಲೇಜಿನ ಆವರಣದಲ್ಲಿ 200 ಸಸಿಗಳನ್ನು ನೆಡಲಾಯಿತು. ಕಾರ್ಯಕ್ರಮವು ಅತ್ಯಂತ ಯಶಸ್ವಿಯಾಗಿ ನೆರವೇರಿತು." ಮೊದಲನೇ ವಾಕ್ಯ ನಿಜ. ಎರಡನೇ ವಾಕ್ಯ ಬರೆಯುವಾಗ ಸಸಿ ನೆಟ್ಟು ನಾಲ್ಕು ದಿನ ಕೂಡ ಆಗಿರಲಿಲ್ಲ.

ನಾಲ್ಕು ದಿನಕ್ಕೆ ಒಂದು ಗಿಡ ಬದುಕಿತೋ ಇಲ್ಲವೋ ಅಂತ ಹೇಗ್ರೀ ಗೊತ್ತಾಗುತ್ತೆ? ಆದರೂ ಬರೆದೆ. ಹಿಂದಿನ ವರ್ಷದ ವರದಿಯಲ್ಲಿ ಹಾಗೇ ಇತ್ತು, ಅದರ ಹಿಂದಿನ ವರ್ಷದ್ದರಲ್ಲೂ ಹಾಗೇ ಇತ್ತು. ನಾನು ಬದಲಾಯಿಸಿದ್ದು ಇಸವಿ ಮತ್ತು ಮುಖ್ಯ ಅತಿಥಿಗಳ ಹೆಸರು ಮಾತ್ರ.

ನಾನು ತುಮಕೂರು ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವನು. ಎನ್ನೆಸ್ಸೆಸ್ ಜವಾಬ್ದಾರಿಯೂ ನನ್ನದೇ ಆಗಿದ್ದರಿಂದ ಪರಿಸರ ದಿನ, ಸ್ವಚ್ಛತಾ ದಿನ, ಯೋಗ ದಿನ ಎಲ್ಲಾ ನನ್ನ ತಲೆಗೇ ಬರುತ್ತಿತ್ತು. ಆ ಸಲದ ಪರಿಸರ ದಿನ ಹೇಗಿತ್ತು ಅಂತ ಸ್ವಲ್ಪ ಹೇಳ್ತೀನಿ. ನೀವೂ ಇಂಥದ್ದೊಂದನ್ನು ನೋಡಿಯೇ ಇರ್ತೀರಿ.

ಗೇಟಿನಲ್ಲಿ ಹನ್ನೆರಡು ಅಡಿಯ ಹಸಿರು ಫ್ಲೆಕ್ಸ್. ಅದರ ಮೇಲೆ ಭೂಮಿಯ ಚಿತ್ರ, ಎರಡು ಕೈ, "ಪ್ಲಾಸ್ಟಿಕ್ ತ್ಯಜಿಸಿ" ಅಂತ ಬರಹ. ಫ್ಲೆಕ್ಸ್ ಅಂದರೆ ಪಿವಿಸಿ, ಅದೂ ಪ್ಲಾಸ್ಟಿಕ್ಕೇ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್ ನಲ್ಲಿ ಕ್ಯಾರಿಬ್ಯಾಗ್, ತಟ್ಟೆ, ಲೋಟದ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿ ಅಧಿಸೂಚನೆ ಹೊರಡಿಸಿದ್ದರು. ಅಂದರೆ ಪ್ಲಾಸ್ಟಿಕ್ ಬೇಡ ಅನ್ನುವ ಸಂದೇಶವನ್ನು ನಾವು ನಿಷೇಧಿತ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸಿದ್ದೆವು :-) ವೇದಿಕೆ ಮೇಲಿದ್ದವರಿಗೆ ಪುಟ್ಟ ಪುಟ್ಟ ನೀರಿನ ಬಾಟಲಿ. ಒಂದು ಗುಟುಕು ಕುಡಿದು ಬಿಟ್ಟದ್ದೇ ಜಾಸ್ತಿ. ಮುಖ್ಯ ಅತಿಥಿಗಳು ಬಂದದ್ದು ಒಂದೂವರೆ ಗಂಟೆ ತಡ. ಅಲ್ಲಿಯವರೆಗೂ ಮಕ್ಕಳು ಬಿಸಿಲಲ್ಲಿ. ನೆರಳಿಗೆ ಅಂತ ಒಂದು ಮರ ಇದ್ದಿದ್ದರೆ ಅಂತ ಆಗ ಅವರಿಗೆ ನಿಜವಾಗಿ ಅನ್ನಿಸಿರಬೇಕು, ಬಹುಶಃ ಅಷ್ಟೇ ಅವತ್ತಿನ ಪರಿಸರ ಪಾಠ!

ಊಟಕ್ಕೆ ಪಲಾವ್, ಮೊಸರನ್ನ, ಜಾಮೂನು. ಸುಮಾರು ಮುನ್ನೂರು ಜನ. 2016ರ ಘನತ್ಯಾಜ್ಯ ನಿಯಮಗಳಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಕಸವನ್ನು ಅಲ್ಲೇ ಬೇರ್ಪಡಿಸಿ ಕೊಡಬೇಕು ಅಂತ ಇತ್ತು. ನಾನು ಆ ನಿಯಮವನ್ನು ತರಗತಿಯಲ್ಲಿ ಪಾಠ ಮಾಡಿದ್ದೆ, ಪರೀಕ್ಷೆಗೂ ಕೇಳಿದ್ದೆ. ಅವತ್ತು ಮಾತ್ರ ತಟ್ಟೆ, ಲೋಟ, ಅನ್ನ, ಬಾಟಲಿ ಎಲ್ಲಾ ಒಂದೇ ಡ್ರಮ್ಮಿಗೆ.

ಇನ್ನು ಸಸಿ. ಗುಂಡಿ ತೋಡಿಸಬೇಕು ಅಂತ ಹಿಂದಿನ ದಿನ ನಮ್ಮ ಮಾಲಿಯನ್ನು ಕೇಳಿದೆ. ಮಕ್ಕಳೆಲ್ಲ ಅವರನ್ನು ಮಾಲಿಯಣ್ಣ ಅಂತಾರೆ. ಅವರು ತಣ್ಣಗೆ ಅಂದರು, "ಗುಂಡಿ ಅವೆ ಸಾ. ಹೋದ್ ವರ್ಸದ್ದೇ."

ನಾನು ನಕ್ಕೆ. ಅವರು ನಗಲಿಲ್ಲ.

2024ರ ಮೇ ತಿಂಗಳಲ್ಲಿ ಮತ್ತೆ ಸಭೆ. "ಈ ಸಲ ಇನ್ನೂ ಗ್ರ್ಯಾಂಡ್ ಆಗಿ ಮಾಡೋಣ, 500 ಸಸಿ" ಅಂತ ಮೇಲಿನವರು ಅಂದರು. ಆಗ ನನಗೆ ಮಾಲಿಯಣ್ಣನ ಮಾತು ನೆನಪಾಯ್ತು. ಸಂಜೆ ಇಬ್ಬರು ಹುಡುಗಿಯರು, ಒಬ್ಬ ಹುಡುಗ, ನಾನು, ಮಾಲಿಯಣ್ಣ ಸೇರಿ ಎಣಿಸಲು ಹೊರಟೆವು. ಎರಡು ಸಲ ಎಣಿಸಿದೆವು. ಎರಡು ಸಲವೂ 23.

ಉಳಿದ 177 ಏನಾದವು? ಮಾಲಿಯಣ್ಣನಿಗೆ ಒಂದೊಂದರ ಕಥೆಯೂ ಗೊತ್ತಿತ್ತು. ಒಂದು ಸಾಲು ಪಾರ್ಕಿಂಗ್ ಗೆ ನೆಲ ಸಮ ಮಾಡುವಾಗ ಜೆಸಿಬಿ ಕೆಳಗೆ ಹೋಯ್ತು. ಹಿಂದಿನ ಬೇಲಿ ಕಡೆಯದ್ದು ಮೇಕೆಗಳ ಪಾಲು. ಬೋರ್ ನೀರಿನ ಪೈಪು ಅರ್ಧ ಮೈದಾನಕ್ಕೇ ಮುಗಿಯುತ್ತಿತ್ತು, ಅದರಾಚೆಗಿನವು ಒಣಗಿದವು. ಒಣಗಿದ್ದ ಒಂದು ಹೊಂಗೆ ಕಡ್ಡಿಯನ್ನು ಹುಡುಗ ಎಳೆದ. ಸಲೀಸಾಗಿ ಕೈಗೆ ಬಂತು, ನರ್ಸರಿಯ ಕಪ್ಪು ಕವರ್ ಸಮೇತ! ಬೇರುಗಳು ಕವರ್ ಒಳಗೇ ಸುತ್ತಿಕೊಂಡು ಸತ್ತಿದ್ದವು. ಗಣ್ಯರು ನೆಟ್ಟಿದ್ದ ಸಾಲಿನಲ್ಲಿ ಇಂಥವು ಇನ್ನೂ ಕೆಲವು ಸಿಕ್ಕವು. ಫೋಟೋ ತೆಗೆಯುವ ಅವಸರದಲ್ಲಿ ಕವರ್ ಹರಿಯುವುದನ್ನು ಯಾರೂ ನೆನಪಿಸಲಿಲ್ಲ. ಯಾರೂ ಅಂದರೆ ಯಾರು? ಪಕ್ಕದಲ್ಲಿ ನಿಂತಿದ್ದವನು ನಾನೇ.

ಆ ಗಿಡಗಳ ಫೋಟೋ ಈಗಲೂ ಕಡತದಲ್ಲಿದೆ. ಮಾನ್ಯತೆಯ ಕಡತಕ್ಕೆ ಜಿಯೋಟ್ಯಾಗ್ ಇರುವ ಫೋಟೋ ಬೇಕು ಅಂತ ಅಕ್ಷಾಂಶ, ರೇಖಾಂಶ ಎಲ್ಲಾ ಬರುವ ಹಾಗೆ ತೆಗೆದಿದ್ದೆವು. ಜಾಗ ಕರಾರುವಾಕ್ಕಾಗಿ ಗೊತ್ತು, ಗಿಡ ಮಾತ್ರ ಅಲ್ಲಿಲ್ಲ.

ಈಗ ನನ್ನ ವಾದಕ್ಕೆ ಬರ್ತೀನಿ. ಇಂಥ ಕಾರ್ಯಕ್ರಮಗಳ ತೊಂದರೆ ಬರೀ ಆಡಂಬರ ಅಲ್ಲ. ನಾವು ಏನನ್ನು ಎಣಿಸ್ತೀವಿ, ಯಾವಾಗ ಎಣಿಸ್ತೀವಿ ಅನ್ನೋದರಲ್ಲೇ ತೊಂದರೆ ಇದೆ. ನೆಟ್ಟದ್ದನ್ನು ಎಣಿಸ್ತೀವಿ, ಉಳಿದದ್ದನ್ನು ಎಣಿಸಲ್ಲ. ಬಂದ ಜನರನ್ನು ಎಣಿಸ್ತೀವಿ, ಅವರು ಬಿಟ್ಟು ಹೋದ ಕಸ ತೂಗಲ್ಲ. ಅದೂ ಕಾರ್ಯಕ್ರಮ ಮುಗಿದ ವಾರವೇ ಎಣಿಸಿ, ಸಹಿ ಹಾಕಿ, ಕಡತ ಮುಚ್ಚಿಬಿಡ್ತೀವಿ.

ಅಭಿಪ್ರಾಯ ಪತ್ರಗಳ ಕಥೆಯೂ ಅಷ್ಟೇ. ಐದು ಅಂಕಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿದ್ದೆವು. ಬಹುತೇಕ ಎಲ್ಲರೂ ನಾಲ್ಕು ಇಲ್ಲಾ ಐದು. ಹಾಜರಾತಿ ಕೊಡುವ ಮೇಷ್ಟ್ರೇ ಫಾರಂ ಹಂಚಿದರೆ ಇನ್ನೇನು ಬರುತ್ತೆ? "ನಿಮಗೆ ಅತಿ ಇಷ್ಟವಾದದ್ದು" ಅನ್ನುವ ಜಾಗದಲ್ಲಿ ತುಂಬಾ ಜನ ಜಾಮೂನು ಅಂತ ಬರೆದಿದ್ದರು. ಇಡೀ ಕಂತೆಯಲ್ಲಿ ಪ್ರಾಮಾಣಿಕವಾದ ಉತ್ತರ ಅದೊಂದೇ ಅಂತ ನನಗನ್ನಿಸ್ತು.

ಇನ್ನೊಂದು ವಿಷಯ, ತಾರೀಖು. ಜೂನ್ 5 ಎಲ್ಲಿಂದ ಬಂತು? 1972ರಲ್ಲಿ ಸ್ವೀಡನ್ನಿನ ಸ್ಟಾಕ್ ಹೋಮ್ ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾದ ದಿನ ಅದು. 1973ರಿಂದ ಆಚರಣೆ ನಡೆದು ಬಂದಿದೆ. ದಿನ ಒಳ್ಳೇದೇ, ಭಾಷಣಕ್ಕೆ ಅಡ್ಡಿಯಿಲ್ಲ. ಆದರೆ ಸ್ಟಾಕ್ ಹೋಮ್ ಸಮ್ಮೇಳನ ತುಮಕೂರಿನ ಮಳೆ ನೋಡಿಕೊಂಡು ಶುರುವಾಗಿದ್ದಲ್ಲವಲ್ಲ! ಜೂನ್ 5 ಅಂದರೆ ನಮಗಿನ್ನೂ ರೋಹಿಣಿ ಮಳೆ. ಒಂದೆರಡು ಹದ ಬಿದ್ದು ಆಮೇಲೆ ಜುಲೈ ಪೂರ್ತಿ ಬರೀ ಗಾಳಿ, ತುಂತುರು. ಈ ಬಯಲುಸೀಮೆಯಲ್ಲಿ ಜೋರು ಮಳೆ ಹಿಡಿಯುವುದು ಆಗಸ್ಟ್ ನಿಂದ ಅಕ್ಟೋಬರ್ ವರೆಗೆ. ಮಲೆನಾಡಿನ ಕಾಲೇಜಿಗೆ ಜೂನ್ ಸರಿಹೋಗಬಹುದು, ನಮಗೆ ಸರಿಹೋಗಲ್ಲ. ಅದರ ಮೇಲೆ ಜೂನ್ ಅಂದರೆ ನಮ್ಮಲ್ಲಿ ಪರೀಕ್ಷೆ, ಅದಾದ ಮೇಲೆ ರಜೆ. ನೆಟ್ಟ ಮಕ್ಕಳೆಲ್ಲ ಊರಿಗೆ, ಸಸಿ ಬಿಸಿಲಿಗೆ.

ನಮ್ಮ ಎಲ್ಲ ಪರಿಸರ ಭಾಷಣಗಳಲ್ಲೂ ಸಾಲುಮರದ ತಿಮ್ಮಕ್ಕ ಬಂದೇ ಬರ್ತಾರೆ. 2025ರ ನವೆಂಬರ್ ನಲ್ಲಿ ಅವರು ತೀರಿಕೊಂಡಾಗ ನಮ್ಮ ಕಾಲೇಜಿನಲ್ಲೂ ಮೌನಾಚರಣೆ ಆಯ್ತು. ಹುಲಿಕಲ್ ಮತ್ತು ಕುದೂರಿನ ನಡುವೆ ಸುಮಾರು ನಾಲ್ಕು ಕಿಲೋಮೀಟರ್ ರಸ್ತೆ ಬದಿಯಲ್ಲಿ ಆಕೆ, ಗಂಡ ಚಿಕ್ಕಯ್ಯ ಸೇರಿ ಬೆಳೆಸಿದ ಆಲದ ಮರಗಳ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆದರೆ ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿ ಅನ್ನುವುದನ್ನು ಯಾರೂ ಒತ್ತಿ ಹೇಳಲ್ಲ. ಅವಕ್ಕೆ ನೀರು ಹೊತ್ತು ಹಾಕಿದರು, ದನ ಮೇಯದ ಹಾಗೆ ಮುಳ್ಳು ಕಟ್ಟಿದರು. ಮುಂದಿನ ವರ್ಷ ಇನ್ನಷ್ಟು ನೆಟ್ಟರು. ತಾವು ನೀರು ಹೊರಬಲ್ಲಷ್ಟೇ ನೆಟ್ಟರು ಅಂತ ನಾನು ಅರ್ಥ ಮಾಡಿಕೊಂಡಿದ್ದೀನಿ. ಅವರ ಹೆಸರು ಹೇಳಿ ಒಂದೇ ಬೆಳಿಗ್ಗೆ 500 ನೆಡುವುದು ಅವರಿಗೆ ಮಾಡುವ ಗೌರವ ಅಂತೂ ಅಲ್ಲ.

2024ರ ವರದಿಯಲ್ಲಿ ನಾನು ಹೀಗೆ ಬರೆದೆ: "2023ರಲ್ಲಿ ನೆಟ್ಟ 200 ಸಸಿಗಳಲ್ಲಿ 23 ಉಳಿದಿವೆ." ಕೆಳಗೆ ಕಾರಣಗಳ ಪಟ್ಟಿ. ಕರೆ ಬಂತು. "ಮೇಷ್ಟ್ರೇ, ಇದನ್ನ ಬರೀಲೇಬೇಕಾ? ತಪಾಸಣೆಗೆ ಬಂದವರು ಏನಂದ್ಕೋತಾರೆ?"

ಅವರನ್ನು ನಾನು ದೂರಲ್ಲ, ಅವರ ಮೇಲೂ ಒತ್ತಡ ಇರುತ್ತೆ. ನನಗೂ ಧೈರ್ಯ ಏನು ಉಕ್ಕಿ ಹರಿಯುತ್ತಿರಲಿಲ್ಲ ಬಿಡಿ, ಸಾಲ ಇದೆ, ಮಗಳ ಫೀಸಿದೆ. "ಸಾರ್, ಎಣಿಸಿದ್ದು ನಾನು. ಆ ಸಾಲು ತೆಗೆಯೋದಾದ್ರೆ ಸಹಿ ಬೇರೆಯವರದ್ದು ಹಾಕಿಸಿಕೊಳ್ಳಿ" ಅಂತ ಮೆಲ್ಲಗೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಾಲು ಉಳಿಯಿತು, ಮೊದಲ ಪುಟದಿಂದ ಕೊನೇ ಪುಟಕ್ಕೆ ಹೋಯ್ತು ಅಷ್ಟೇ.

ಆಮೇಲೆ ಆದದ್ದು ನೋಡಿ. ಕಾರಣಗಳ ಪಟ್ಟಿಯಲ್ಲಿ "ಪೈಪ್ ಉದ್ದ ಸಾಲದು" ಅಂತ ಇತ್ತಲ್ಲ, ಎರಡು ತಿಂಗಳಲ್ಲಿ ಪೈಪಿಗೆ ದುಡ್ಡು ಮಂಜೂರಾಯ್ತು! ಮಾಲಿಯಣ್ಣ ಮೂರು ವರ್ಷದಿಂದ ಬಾಯಲ್ಲಿ ಕೇಳುತ್ತಿದ್ದ ಪೈಪು ಅದು. "ಅತ್ಯಂತ ಯಶಸ್ವಿ" ಅಂತ ಬರೆದ ವರದಿಗೆ ಯಾರೂ ಪೈಪ್ ಕೊಡಲ್ಲ ಸ್ವಾಮಿ. ಎಲ್ಲಾ ಸರಿಯಾಗಿದೆ ಅಂದ ಮೇಲೆ ಪೈಪ್ ಯಾಕೆ ಬೇಕು?

ಆ ವರ್ಷ ಜೂನ್ ನಲ್ಲಿ ಸಸಿ ನೆಡಲಿಲ್ಲ. ಆಗಸ್ಟ್ ಕೊನೆಗೆ ಹದ ಮಳೆ ನೋಡಿಕೊಂಡು 30 ನೆಟ್ಟೆವು. ಎಲ್ಲಿ ನೆಡಬೇಕು ಅಂತ ತೀರ್ಮಾನಿಸಿದ್ದು ಮಾಲಿಯಣ್ಣ. ಒಂದೊಂದಕ್ಕೂ ಮುಳ್ಳಿನ ಬೇಲಿ, ಒಂದೊಂದಕ್ಕೂ ಇಬ್ಬರು ಮಕ್ಕಳು. ಕಪ್ಪು ಕವರ್ 30ನ್ನೂ ಎಣಿಸಿ ವಾಪಸ್ ತೆಗೆದುಕೊಂಡೆವು. 2025ರ ಆಗಸ್ಟ್ ನಲ್ಲಿ ಎಣಿಸಿದಾಗ 26 ಇದ್ದವು.

ಪರಿಸರ ದಿನಕ್ಕೆ ಬೇರೆ ಕೆಲಸ ಹಿಡಿದೆವು, ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆಯಲ್ಲಿ ಬಿಡುವ ಊಟ ತೂಗುವುದು. ಸುಮಾರು ಮುನ್ನೂರು ಮಕ್ಕಳು. ಕಾರ್ಯಕ್ರಮಕ್ಕೆ ಮುಂಚಿನ ಒಂದು ವಾರ ತೂಗಿದಾಗ ದಿನಕ್ಕೆ ಸರಾಸರಿ 38 ಕೆಜಿ. ಜೂನ್ 5ರಂದು ಪೋಸ್ಟರ್, ನಾಟಕ, ಪ್ರತಿಜ್ಞೆ ಎಲ್ಲಾ ಆಯ್ತು. ಮುಂದಿನ ವಾರ 24 ಕೆಜಿಗೆ ಇಳಿಯಿತು. ನಾವೆಲ್ಲ ಕುಣಿದಾಡಿದೆವು. ಅಲ್ಲಿಗೇ ವರದಿ ಬರೆದಿದ್ದರೆ ಪ್ರಶಸ್ತಿಯೂ ಬರುತ್ತಿತ್ತೇನೋ.

ರಜೆ ಮುಗಿದು ಮಕ್ಕಳು ಬಂದ ಮೇಲೆ ಮತ್ತೆ ತೂಗಿದೆವು. 35 ಕೆಜಿ! ಪ್ರತಿಜ್ಞೆಯ ಆಯಸ್ಸು ಅಷ್ಟೇ.

ಆಗ ಅಡುಗೆ ಭಟ್ಟರೇ ಒಂದು ಮಾತು ಹೇಳಿದರು. "ಬಕೀಟಿನಲ್ಲಿ ಜಾಸ್ತಿ ಬೀಳೋದು ಮುದ್ದೆ ಸಾರ್. ಒಂದು ತಿನ್ನಕ್ಕಾಗಲ್ಲ, ಅರ್ಧ ಕೇಳಿದ್ರೆ ನಾವು ಕೊಡಲ್ಲ." ಅವತ್ತಿಂದ ಮುದ್ದೆಯನ್ನು ಅರ್ಧ ಗಾತ್ರಕ್ಕೆ ಕಟ್ಟಲು ಶುರು ಮಾಡಿದರು, ಬೇಕಾದವರು ಎರಡು ಹಾಕಿಸಿಕೊಳ್ಳಲಿ ಅಂತ. ಭಾಷಣ ಇಲ್ಲ, ಪೋಸ್ಟರ್ ಇಲ್ಲ. ತೂಗಿದರೆ 21 ಕೆಜಿ. ಆರು ತಿಂಗಳಾದ ಮೇಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು.

ಹಾಗಂತ ಕಾರ್ಯಕ್ರಮವೇ ದಂಡ ಅಂತ ನಾನು ಹೇಳ್ತಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು, "ಜಾಗೃತಿ ಮೂಡುತ್ತಲ್ಲ, ಅದಕ್ಕೆ ಬೆಲೆ ಇಲ್ವಾ?" ಇದೆ. ತೂಗುವ ನೆಪ ಸಿಕ್ಕಿದ್ದೇ ಆ ಕಾರ್ಯಕ್ರಮದಿಂದ, ಭಟ್ಟರು ಬಾಯಿ ಬಿಟ್ಟದ್ದೂ ನಾವು ತಕ್ಕಡಿ ಹಿಡಿದು ಅಡುಗೆಮನೆ ಮುಂದೆ ನಿಂತಿದ್ದಕ್ಕೆ. ಆದರೆ ಜಾಗೃತಿ ಅನ್ನೋದು ಅಳತೆಗೆ ಸಿಗದ ವಸ್ತು ಅಂತ ಹೇಳಿಕೊಂಡು ನಾವು ಎಲ್ಲ ಅಳತೆಯಿಂದಲೂ ತಪ್ಪಿಸಿಕೊಳ್ತೀವಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ನಾನೀಗ ಯಾವ ಕಾರ್ಯಕ್ರಮ ಹಿಡಿದರೂ ಮೊದಲೇ ನಾಲ್ಕು ಪ್ರಶ್ನೆ ಬರೆದಿಟ್ಟುಕೊಳ್ತೀನಿ. ಇವತ್ತಿನ ಅಳತೆ ಎಷ್ಟು? ಕಾರ್ಯಕ್ರಮದಿಂದಲೇ ಎಷ್ಟು ಕಸ ಆಗುತ್ತೆ? ಮುಗಿದ ಮೇಲೆ ದಿನಾ ಕೆಲಸ ಮಾಡುವವರು ಯಾರು, ಅವರನ್ನು ಕೇಳಿದ್ದೀವಾ? ಒಂದು ವರ್ಷ ಬಿಟ್ಟು ಮತ್ತೆ ಎಣಿಸುವವರು ಯಾರು? ಮೂರನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಕಾರ್ಯಕ್ರಮವನ್ನು ಚಿಕ್ಕದು ಮಾಡ್ತೀನಿ. ಮಾಲಿಯನ್ನೂ ಭಟ್ಟರನ್ನೂ ಸಭೆಗೆ ಕರೆದು ಕುರ್ಚಿ ಹಾಕಿಸೋದು ಈಗ ರೂಢಿಯಾಗಿದೆ. ಮೊದಲ ಸಲ ಅವರು ಕೂರಲೇ ಇಲ್ಲ, ನಿಂತೇ ಇದ್ದರು. ಈಗ ಕೂರ್ತಾರೆ, ನಮ್ಮನ್ನು ಬೈಯ್ತಾರೆ ಕೂಡ.

ಆ 2023ರ ವರದಿ ಇನ್ನೂ ಕಡತದಲ್ಲಿದೆ, ನನ್ನ ಸಹಿಯೂ ಇದೆ. ಅದನ್ನು ತೆಗೆಯಲು ಬರಲ್ಲ. ಪಕ್ಕದಲ್ಲಿ 23 ಅನ್ನುವ ಪುಟವೂ ಇದೆ ಅನ್ನೋದಷ್ಟೇ ಸಮಾಧಾನ.

ನಿಮ್ಮೂರ ಶಾಲೆ, ಕಾಲೇಜು, ಆಫೀಸಿನಲ್ಲಿ ಹೋದ ವರ್ಷ ನೆಟ್ಟ ಸಸಿಗಳಿದ್ದರೆ ಒಂದು ಸಂಜೆ ಹೋಗಿ ಎಣಿಸಿ ನೋಡಿ. ಎಷ್ಟು ಸಿಕ್ಕವು ಅಂತ ನನಗೂ ಹೇಳಿ. ಕಡಿಮೆ ಬಂದರೆ ನಾಚಿಕೊಳ್ಳಬೇಡಿ, ನಮ್ಮದು ಇಪ್ಪತ್ತಮೂರು.