ನಕ್ಷೆಗೆ ಬಣ್ಣ ಹಚ್ಚುವವರು ಯಾರು?

ನಮ್ಮ ಶಾಲಾ ಶಿಕ್ಷಕರಿಗೆ ಸ್ಪ್ರೆಡ್‌ಶೀಟ್ ಹೊಸದಲ್ಲ. ಸ್ಯಾಟ್ಸ್, ಯುಡೈಸ್ ಎಂಬ ಸರ್ಕಾರಿ ಮಾಹಿತಿ ವ್ಯವಸ್ಥೆಗಳಿಗೆ ದಾಖಲಾತಿ, ಹಾಜರಾತಿಗಳ ಲೆಕ್ಕ ತುಂಬಿ ತುಂಬಿ ಅವರ ಕೈ ಪಳಗಿದೆ. ಆ ಅಂಕಿಗಳು ಇಲಾಖೆಯ ಮೆಟ್ಟಿಲು ಹತ್ತಿ ಹೋಗುತ್ತವೆ. ಪಾಠವಾಗಿ ತರಗತಿಗೆ ಇಳಿದು ಬರುವುದು ಅಪರೂಪ. ಗುಮಾಸ್ತಿಕೆಗೆಂದು ಕಲಿಸಿದ ಈ ವಿದ್ಯೆಯನ್ನು ಪಾಠಕ್ಕೂ ಕಲಿಸಬೇಕು. ಸಮಾಜ ವಿಜ್ಞಾನದ ಶಿಕ್ಷಕರಿಗಂತೂ ಡಿಜಿಟಲ್ ನಕ್ಷೆಯೊಂದಿಗೆ ಜೋಡಿಸಿಯೇ ಕಲಿಸಬೇಕು. ಪಠ್ಯಪುಸ್ತಕದಲ್ಲಿ ಅಚ್ಚಾದ ನಕ್ಷೆಯ ಹಿಂದೆ ಯಾರೋ ಕೆಲವು ತೀರ್ಮಾನಗಳನ್ನು ಮಾಡಿರುತ್ತಾರೆ. ಆ ತೀರ್ಮಾನಗಳನ್ನು ತಾವೇ ಮಾಡಿ ನೋಡದ ಹೊರತು ಮಕ್ಕಳು ನಕ್ಷೆಯನ್ನು ಪ್ರಶ್ನಿಸಲು ಕಲಿಯುವುದಿಲ್ಲ.

2011ರ ಜನಗಣತಿಯ ಸಾಕ್ಷರತೆಯನ್ನೇ ನೋಡಿ. ರಾಜ್ಯದ ಪ್ರಮಾಣ ಶೇ 75.36. ದಕ್ಷಿಣ ಕನ್ನಡ ಶೇ 88.57ರೊಂದಿಗೆ ಮೇಲಿದೆ, ಯಾದಗಿರಿ ಶೇ 51.83ರೊಂದಿಗೆ ಕೊನೆಯಲ್ಲಿದೆ. ಶೇ 60ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಿಗೆ ಕೆಂಪು ಬಳಿದರೆ ಯಾದಗಿರಿ, ರಾಯಚೂರು ಮಾತ್ರ ಕೆಂಪಾಗುತ್ತವೆ. ಹಿಂದುಳಿದ ಜಿಲ್ಲೆಗಳೆಂದರೆ ಕಲ್ಯಾಣ ಕರ್ನಾಟಕದವು ಎಂಬ ರೂಢಿಯ ಮಾತಿಗೆ ನಕ್ಷೆಯೇ ಮೊಹರು ಒತ್ತಿದಂತಾಗುತ್ತದೆ. ಗೆರೆಯನ್ನು 65ಕ್ಕೆ ಸರಿಸಿದರೆ ಕಲಬುರಗಿಯ ಜೊತೆ ದಕ್ಷಿಣದ ತುದಿಯ ಚಾಮರಾಜನಗರವೂ ಕೆಂಪಾಗುತ್ತದೆ, ಅದೂ ಕಲಬುರಗಿಗಿಂತ ಕೆಳಗಿನ ಶೇ 61.43ರೊಂದಿಗೆ. ಶೇಕಡಾವಾರು ಬಿಟ್ಟು ಅನಕ್ಷರಸ್ಥರ ತಲೆಗಳನ್ನೇ ಎಣಿಸಿದರೆ ಚಿತ್ರ ಮತ್ತೆ ಬದಲಾಗುತ್ತದೆ. ಶೇ 87.67 ಸಾಕ್ಷರತೆಯ ಬೆಂಗಳೂರು ನಗರ ಜಿಲ್ಲೆಯಲ್ಲಿ ಏಳು ವರ್ಷ ಮೇಲ್ಪಟ್ಟ ಅನಕ್ಷರಸ್ಥರು 10 ಲಕ್ಷಕ್ಕೂ ಹೆಚ್ಚು. ಯಾದಗಿರಿಯಲ್ಲಿ 5 ಲಕ್ಷದೊಳಗೆ. ಎರಡೂ ನಕ್ಷೆ ನಿಜವೇ. ವಯಸ್ಕರ ಶಿಕ್ಷಣಕ್ಕೆ ಹಣ ಎಲ್ಲಿ ಬೇಕು ಎಂದು ಕೇಳಿದರೆ ಮಾತ್ರ ಎರಡೂ ಒಂದೇ ಉತ್ತರ ಕೊಡುವುದಿಲ್ಲ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಾಲಂ ಒಂದನ್ನು ಬದಲಿಸಿ ಈ ವ್ಯತ್ಯಾಸವನ್ನು ಕಣ್ಣಾರೆ ಕಂಡರೆ, ನಾಳೆ ಚುನಾವಣೆಯ ನಕ್ಷೆಯನ್ನೂ ಬರಗಾಲದ ನಕ್ಷೆಯನ್ನೂ ಅದೇ ಕಣ್ಣಿನಿಂದ ನೋಡುತ್ತಾಳೆ.

ಕಂಪ್ಯೂಟರೇ ಇಲ್ಲದ, ಇದ್ದರೂ ಕರೆಂಟು ನಿಲ್ಲದ ಶಾಲೆಗಳಲ್ಲಿ ಇದೆಲ್ಲ ಆಗುವ ಮಾತೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಸ್ಪ್ರೆಡ್‌ಶೀಟಿಗೆ ಲಿಬ್ರೆಆಫೀಸ್, ನಕ್ಷೆಗೆ ಕ್ಯೂಜಿಐಎಸ್, ಎರಡೂ ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. ಪ್ರತಿ ಮಗುವಿನ ಮುಂದೂ ಒಂದು ಯಂತ್ರ ಇರಬೇಕಿಲ್ಲ. ಶಿಕ್ಷಕರು ಒಂದೇ ಕಂಪ್ಯೂಟರಿನಲ್ಲಿ ಗಡಿರೇಖೆಯ ನಕ್ಷೆ ಮುದ್ರಿಸಿ ಕೊಟ್ಟರೆ, ಗೆರೆ ಎಲ್ಲಿ ಎಳೆಯಬೇಕೆಂದು ಮಕ್ಕಳು ಜಗಳವಾಡಿ ಬಣ್ಣದ ಪೆನ್ಸಿಲಿನಲ್ಲೇ ತುಂಬಬಹುದು. ಕೈಯಲ್ಲಿ ನಕ್ಷೆ ಬಿಡಿಸುವ ಅಭ್ಯಾಸ ಹಾಳಾಗುತ್ತದೆ ಎಂಬ ಆತಂಕಕ್ಕೂ ಉತ್ತರವಿದೆ: ನಾಡಿನ ಆಕಾರ ಕೈಗೆ ಹತ್ತುವುದು ಬಿಡಿಸಿದಾಗಲೇ, ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನನಗೆ ನಿಜಕ್ಕೂ ಚಿಂತೆಯಿರುವುದು ಶಿಕ್ಷಕರ ಸಮಯದ ಬಗ್ಗೆ. ಈಗಾಗಲೇ ಮಾಹಿತಿ ತುಂಬಿ ಬಳಲಿರುವವರಿಗೆ ಇದು ಇನ್ನೊಂದು ಹೊರೆಯಾಗಬಾರದು. ತರಬೇತಿಯ ದಿನಗಳನ್ನು ಕೊಡುವಾಗಲೇ ದತ್ತಾಂಶ ತುಂಬುವ ಕೆಲಸವನ್ನು ಅಷ್ಟೇ ಮಟ್ಟಿಗೆ ಇಳಿಸಬೇಕು.

ತರಬೇತಿ ಬಟನ್‌ಗಳ ಪರಿಚಯಕ್ಕೆ ನಿಂತರೂ ವ್ಯರ್ಥ. ಜನಗಣತಿಯ ಪಟ್ಟಿಯನ್ನು ಇಂದಿನ ಜಿಲ್ಲಾ ನಕ್ಷೆಗೆ ಜೋಡಿಸಿದ ಕೂಡಲೇ ಕೆಲವು ಜಿಲ್ಲೆಗಳು ಖಾಲಿ ಉಳಿಯುತ್ತವೆ. ಪಟ್ಟಿಯಲ್ಲಿ ಗುಲ್ಬರ್ಗ, ನಕ್ಷೆಯಲ್ಲಿ ಕಲಬುರಗಿ. 2014ರಲ್ಲಿ ಬದಲಾದ ಹೆಸರುಗಳು ಯಂತ್ರಕ್ಕೆ ಗೊತ್ತಿಲ್ಲ. ಪಟ್ಟಿಯಲ್ಲಿ 30 ಸಾಲು, ನಕ್ಷೆಯಲ್ಲಿ 31 ಜಿಲ್ಲೆ. ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಹುಟ್ಟಿದ್ದು 2021ರಲ್ಲಿ. ಅದಕ್ಕೆ ಬಳ್ಳಾರಿಯ ಅಂಕಿಯನ್ನೇ ಹಾಕೋಣವೆಂದರೆ, ಇಂದು ಅಲ್ಲಿರುವ ಹರಪನಹಳ್ಳಿ 2011ರಲ್ಲಿ ದಾವಣಗೆರೆಯಲ್ಲಿತ್ತು. ಹೀಗಾಗಿ ತಾಲ್ಲೂಕುಗಳ ಲೆಕ್ಕಕ್ಕೇ ಇಳಿಯಬೇಕು. ಇಳಿದರೂ ಶೇಕಡಾವಾರುಗಳನ್ನು ಕೂಡಿ ಭಾಗಿಸಿದರೆ ತಪ್ಪು ಬರುತ್ತದೆ, ಜನರನ್ನು ಕೂಡಬೇಕು. 2027ರ ಜನಗಣತಿಯ ಅಂಕಿಗಳು ಬಂದಾಗ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಡಬಯಸುವ ಪ್ರತಿ ಶಾಲೆಯೂ ಈ ಲೆಕ್ಕವನ್ನು ಮಾಡಲೇಬೇಕಾಗುತ್ತದೆ.