ನಂಬಿಗೆಯೂ ಬಾಳಿನ ಅರ್ಥವೂ

ಕಳೆದ ವರ್ಷ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ನಾವು ‘ನನ್ನ ಬಾಳಿನ ಗುರಿ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದೆವು. ಇಂಥ ಪ್ರಬಂಧಗಳು ಹೇಗಿರುತ್ತವೆಂಬುದು ಶಿಕ್ಷಕರಾದವರೆಲ್ಲರಿಗೂ ತಿಳಿದಿದೆ. ಒಬ್ಬನು ಇಂಜಿನಿಯರನಾಗುವೆನೆನ್ನುವನು, ಒಬ್ಬಳು ದಾದಿಯಾಗಿ ರೋಗಿಗಳ ಸೇವೆ ಮಾಡುವೆನೆನ್ನುವಳು, ಎಲ್ಲರೂ ಕೊನೆಯಲ್ಲಿ ತಂದೆತಾಯಿಗಳನ್ನೂ ದೇವರನ್ನೂ ನೆನೆದು ಮುಗಿಸುವರು. ಆದರೆ ಒಬ್ಬ ಹುಡುಗನ ವಹಿಯಲ್ಲಿ ಕೆಲವೇ ಸಾಲುಗಳಿದ್ದುವು. ತಂದೆ ಕಾಯಿಲೆಯಾಗಿ ಮಲಗಿದಾಗ ತನ್ನ ತಾಯಿ ದರ್ಗೆಗೂ ಹೋದಳು, ವಿಠ್ಠಲನ ಗುಡಿಗೂ ಹೋದಳು, ಊರಿನ ದೇವಿಗೂ ಹರಕೆ ಹೊತ್ತಳು. ಆದರೂ ತಂದೆ ಉಳಿಯಲಿಲ್ಲ. ಅಂದಿನಿಂದ ದೇವರಿದ್ದಾನೆಂದು ತನಗೆ ಅನಿಸುವುದಿಲ್ಲ. ದೇವರೇ ಇಲ್ಲವೆಂದ ಮೇಲೆ ಬಾಳಿಗೆ ಗುರಿ ಎಲ್ಲಿಂದ ಬರಬೇಕು ಎಂದು ಅವನು ಕೇಳಿದ್ದನು. ನಾವು ಆ ಪುಟದ ಅಂಚಿನಲ್ಲಿ ಕೆಂಪು ಮಸಿಯಿಂದ ‘ವಿಷಯಕ್ಕೆ ಸಂಬಂಧಿಸಿಲ್ಲ’ ಎಂದು ಬರೆದು, ಹತ್ತಕ್ಕೆ ಎರಡು ಅಂಕ ಕೊಟ್ಟೆವು.

ಆ ಹುಡುಗನು ಏನೂ ಹೇಳಲಿಲ್ಲ. ವಹಿಯನ್ನು ಚೀಲದಲ್ಲಿಟ್ಟುಕೊಂಡು ಹೋದನು. ಅವನು ಹೋದ ಮೇಲೆ ನಮಗೆ ತೋಚಿದುದು ಇಷ್ಟು: ತರಗತಿಯಲ್ಲಿ ಕೊಟ್ಟ ವಿಷಯಕ್ಕೆ ನಿಜವಾಗಿ ಸಂಬಂಧಿಸಿದ್ದ ಪ್ರಬಂಧ ಅದೊಂದೇ ಆಗಿತ್ತು. ನಮ್ಮ ಬಳಿ ಉತ್ತರವಿರಲಿಲ್ಲವಾದುದರಿಂದ ಪ್ರಶ್ನೆಯನ್ನೇ ತಪ್ಪೆಂದು ಗೆರೆ ಎಳೆದಿದ್ದೆವು. ಈ ಲೇಖನವು ಅವನಿಗೆ ನಾವು ಕೊಡಬೇಕಾಗಿದ್ದ ಉತ್ತರ. ಅವನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ.

ನಾವಿರುವ ಆಂಟಾಪ್ ಹಿಲ್ಲಿನಲ್ಲಿ ದೇವರಿಗೆ ಕೊರತೆಯಿಲ್ಲ. ಶೇಖ್ ಮಿಸ್ರಿ ದರ್ಗೆ ಇಲ್ಲಿದೆ. ನೆರೆಯ ವಡಾಲದಲ್ಲಿ ವಿಠ್ಠಲ ಮಂದಿರವಿದೆ. ಆಷಾಢದ ಏಕಾದಶಿಯ ದಿನ ಪಂಢರಪುರಕ್ಕೆ ಹೋಗಲಾರದ ಬಡವರೆಲ್ಲ ಅಲ್ಲಿ ಸಾಲು ನಿಲ್ಲುತ್ತಾರೆ. ದೇಶ ವಿಭಜನೆಯಾದಾಗ ಮನೆಮಾರು ಕಳೆದುಕೊಂಡು ಬಂದ ಪಂಜಾಬಿಗಳು ನೆಲೆಸಿದ ಗುರು ತೇಗ್ ಬಹಾದ್ದೂರ್ ನಗರದಲ್ಲಿ ಗುರುದ್ವಾರವಿದೆ. ಇಂಥ ನೆರೆಯಲ್ಲಿ ಬೆಳೆದ ಮಗುವಿಗೆ ಬಾಳಿನ ಅರ್ಥವೂ ದೇವರೂ ಒಂದೇ ಎಂದು ತೋರುವುದು ಸಹಜ. ಆಗ ಒಂದು ಕಳಚಿಬಿದ್ದರೆ ಇನ್ನೊಂದೂ ಕಳಚಿಬಿತ್ತೆಂದು ಅದು ಹೆದರುವುದೂ ಸಹಜವೇ.

ಈ ವಿಷಯದಲ್ಲಿ ಎರಡು ಬಗೆಯ ಮಾತುಗಳನ್ನು ನಾವು ಕೇಳುತ್ತಿರುತ್ತೇವೆ. ದೇವರಿಲ್ಲದವನ ಬಾಳು ದಿಕ್ಕಿಲ್ಲದ ದೋಣಿ, ಅವನಿಗೆ ಪಾಪಭೀತಿಯಿಲ್ಲ, ಆದುದರಿಂದ ನೀತಿಯೂ ಇಲ್ಲ ಎಂಬುದು ಒಂದು. ದೇವರನ್ನು ನಂಬುವವನು ಅಂಜುಬುರುಕ, ತನ್ನ ಬಾಳಿನ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವವನು ಎಂಬುದು ಇನ್ನೊಂದು. ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ.

ನಮ್ಮ ಕನ್ನಡದ ಚರಿತ್ರೆಯನ್ನೇ ನೋಡಬಹುದು. ಆದಿಕವಿಯೆಂದು ನಾವು ಕೊಂಡಾಡುವ ಪಂಪನು ‘ಆದಿಪುರಾಣ’ವನ್ನು ಬರೆದುದು 941ರಲ್ಲಿ. ಆತನು ಜೈನನು. ಜಗತ್ತನ್ನು ಸೃಷ್ಟಿಸಿದ ಕರ್ತನೊಬ್ಬನುಂಟೆಂದು ಜೈನದರ್ಶನವು ಒಪ್ಪುವುದಿಲ್ಲ. ತೀರ್ಥಂಕರರನ್ನು ಅದು ಪೂಜಿಸುತ್ತದೆ, ನಿಜ. ಆದರೆ ಅವರು ಲೋಕವನ್ನು ಮಾಡಿದವರಲ್ಲ, ತಮ್ಮನ್ನು ತಾವು ಗೆದ್ದವರು. ಜಗತ್ಕರ್ತನಿಲ್ಲದ ಆ ದರ್ಶನದ ನೆರಳಿನಲ್ಲಿಯೇ ಕನ್ನಡದ ಮೊದಲ ಮಹಾಕಾವ್ಯವು ಹುಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಶಿವನನ್ನು ಮನಸಾರೆ ನಂಬಿದರು. ಆದರೆ ಅವರು ಆ ನಂಬಿಗೆಯನ್ನು ಗುಡಿಯಲ್ಲಿ ನಿಲ್ಲಿಸದೆ ಕಾಯಕಕ್ಕೂ ದಾಸೋಹಕ್ಕೂ ಇಳಿಸಿದರು. ಒಂದು ಕಡೆ ಕರ್ತನಿಲ್ಲ, ಒಂದು ಕಡೆ ಕರ್ತನಿದ್ದಾನೆ. ಎರಡೂ ಕಡೆ ಬಾಳು ಬರಿದಾಗಲಿಲ್ಲ.

ಮುಂಬಯಿಯ ಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ಪ್ರತಿ ವರ್ಷ ಡಿಸೆಂಬರ್ 6ರಂದು ದಾದರದ ಚೈತ್ಯಭೂಮಿಗೆ ಲಕ್ಷಾಂತರ ಜನರು ಬರುವುದನ್ನು ಅವರು ಕಂಡಿದ್ದಾರೆ. ಡಾ. ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿ, ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡರು. ಅವರು ಆರಿಸಿಕೊಂಡ ಧರ್ಮದ ನಡುವಿನಲ್ಲಿ ಸೃಷ್ಟಿಕರ್ತನಾದ ದೇವರಿಲ್ಲ. ಮನುಷ್ಯನು ಮನುಷ್ಯನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ಇದೆ. ತಲೆಮಾರುಗಳಿಂದ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟ ಜನರಿಗೆ ಆ ಧರ್ಮವು ತಲೆಯೆತ್ತಿ ನಡೆಯುವ ಬಲವನ್ನು ಕೊಟ್ಟಿತು. ದೇವರಿಲ್ಲದೆ ನೀತಿಯಿಲ್ಲವೆನ್ನುವವರು ಆ ದಿನ ದಾದರಕ್ಕೆ ಹೋಗಿ, ಮೈಲಿಗಟ್ಟಲೆ ಸಾಲಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಂತವರ ಮುಖಗಳನ್ನು ನೋಡಬೇಕು.

ಇನ್ನು, ನಮ್ಮ ಕಾಲಕ್ಕೆ ಸೇರಿದ ಇಬ್ಬರ ಬಾಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿದವರು. ದಿನವೂ ಇಷ್ಟಲಿಂಗ ಪೂಜೆಯನ್ನು ತಪ್ಪಿಸದ ದೃಢಭಕ್ತರು. ಮಠದಲ್ಲಿ ಜಾತಿಮತಗಳನ್ನು ಕೇಳದೆ ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. 2019ರ ಜನವರಿ 21ರಂದು ಅವರು ದೇಹಬಿಟ್ಟಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಆ ಸುದ್ದಿಯನ್ನು ಹೊರಗೆ ತಿಳಿಸಲಿಲ್ಲವೆಂದೂ, ಅದು ಅವರದೇ ಇಚ್ಛೆಯಾಗಿತ್ತೆಂದೂ ಪತ್ರಿಕೆಗಳಲ್ಲಿ ಓದಿದೆವು.

ಡಾ. ಎಚ್. ನರಸಿಂಹಯ್ಯನವರು 1920ರಲ್ಲಿ ಗೌರಿಬಿದನೂರಿನ ಬಳಿಯ ಹೊಸೂರಿನ ಬಡಮನೆಯಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಕಂಡರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿಯನ್ನು ರಚಿಸಿದರು. ದೇವರಲ್ಲಿ ನಂಬಿಗೆಯಿಡದ ವಿಚಾರವಾದಿಗಳೆಂದೇ ಹೆಸರಾದವರು. ಅಷ್ಟು ದೊಡ್ಡ ಪದವಿಗಳನ್ನು ಕಂಡೂ ಖಾದಿಯುಟ್ಟು, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಹುಡುಗರ ನಡುವೆಯೇ ಬಾಳಿದರು. 2005ರಲ್ಲಿ ತೀರಿಕೊಂಡರು.

ಇವರಿಬ್ಬರನ್ನೂ ಕೂರಿಸಿ ದೇವರಿದ್ದಾನೆಯೇ ಎಂದು ಕೇಳಿದ್ದರೆ ಎರಡು ಉತ್ತರಗಳು ಬರುತ್ತಿದ್ದುವು. ಈ ಮಗುವಿಗೆ ಇಂದು ಯಾರು ಕಲಿಸುವರು ಎಂದು ಕೇಳಿದ್ದರೆ ಬರುತ್ತಿದ್ದ ಉತ್ತರ ಒಂದೇ. ಒಬ್ಬರ ಬಾಳಿನ ಅರ್ಥವನ್ನು ಅವರ ನಂಬಿಗೆ ಕೊಟ್ಟಿತೆಂದರೆ, ಇನ್ನೊಬ್ಬರ ಬಾಳಿಗೆ ಅಷ್ಟೇ ತೂಕದ ಅರ್ಥವನ್ನು ಯಾವುದು ಕೊಟ್ಟಿತು? ಆದಕಾರಣ ಅರ್ಥದ ಬೇರು ನಂಬಿಗೆಗಿಂತ ಆಳದಲ್ಲಿ ಎಲ್ಲಿಯೋ ಇದೆ. ಇನ್ನೊಂದು ಜೀವದ ಹೊಣೆಯನ್ನು ನಮ್ಮದೆಂದು ಒಪ್ಪಿಕೊಳ್ಳುವಲ್ಲಿ ಅದು ಇದೆಯೆಂದು ನಮಗೆ ತೋರುತ್ತದೆ.

ಅವರೆಲ್ಲ ದೊಡ್ಡವರು, ನಮ್ಮಂಥ ಸಾಮಾನ್ಯರ ಮಾತೇನು ಎಂದು ವಾಚಕರು ಕೇಳಬಹುದು. ನಾವು ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಕನ್ನಡದಲ್ಲಿ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ಹೊಸತರಲ್ಲಿಯೇ 2005ರ ಜುಲೈ 26ರ ಮಳೆ ಬಂದಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ರೈಲುಗಳು ನಿಂತುಹೋದುವು. ಊರು ಬೀದಿ ಅರಿಯದ ನಾವು ದಾದರಿನಿಂದ ಕತ್ತಲೆಯಲ್ಲಿ ನಡೆದು ಬರುತ್ತಿದ್ದೆವು. ನೀರು ಎದೆಯ ಮಟ್ಟಕ್ಕೆ ಬಂದ ಒಂದು ತಿರುವಿನಲ್ಲಿ ಕೆಲವರು ಹಗ್ಗವನ್ನು ಹಿಡಿದು ನಿಂತು, ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಾಟಿಸುತ್ತಿದ್ದರು. ತೆರೆದ ಗಟಾರ ಎಲ್ಲಿದೆಯೆಂಬುದನ್ನು ಅವರಲ್ಲೊಬ್ಬನು ಕೂಗಿ ಹೇಳುತ್ತಿದ್ದನು. ಅವರಲ್ಲಿ ಅಲ್ಲಾನನ್ನು ನೆನೆದವರಿದ್ದರೋ, ರಾಮನನ್ನು ನೆನೆದವರಿದ್ದರೋ, ಯಾರನ್ನೂ ನೆನೆಯದವರಿದ್ದರೋ ನಾವರಿಯೆವು. ಹಗ್ಗವಂತೂ ಒಂದೇ ಆಗಿತ್ತು. ಅವರ ಮುಖಗಳು ಕೂಡ ನಮಗೆ ಈಗ ನೆನಪಿಲ್ಲ. ಆದರೆ ನಾವು ಇಂದು ಈ ಸಾಲುಗಳನ್ನು ಬರೆಯುತ್ತಿರುವುದು ಅವರಿಂದ.

ನಂಬಿಗೆಯು ಕೊಡುವ ಅರ್ಥವೆಲ್ಲ ಒಳ್ಳೆಯದೇ ಎಂದೂ ಹೇಳಲಾಗದು. ವಡಾಲದಲ್ಲಿ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆಯಿದೆ. ಬೀದಿಪಾಲಾಗಿದ್ದ ರೋಗಿಗಳಿಗೆಂದು, ಆಗಿನ ಮುನಿಸಿಪಲ್ ಕಮಿಷನರರಾಗಿದ್ದ ಆಕ್ವರ್ತರ ಪ್ರಯತ್ನದಿಂದ 1890ರಲ್ಲಿ ಅದು ಆಶ್ರಯಧಾಮವಾಗಿ ಆರಂಭವಾಯಿತು. ನಾರ್ವೆಯ ಹಾನ್ಸೆನ್ ಎಂಬ ವೈದ್ಯನು 1873ರಲ್ಲಿಯೇ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದಿದ್ದನು. ಆದರೂ ಅದು ಪೂರ್ವಜನ್ಮದ ಪಾಪದ ಫಲ, ದೈವಶಾಪ ಎಂಬ ಮಾತು ಬಹುಕಾಲ ಉಳಿಯಿತು. ರೋಗಕ್ಕೆ ಅದೂ ಒಂದು ಅರ್ಥವೇ. ಆದರೆ ಎಂಥ ಕ್ರೂರವಾದ ಅರ್ಥ! ಆ ಅರ್ಥವನ್ನು ನಂಬಿಯೇ ತಾಯಿ ಮಗನನ್ನೂ ಗಂಡ ಹೆಂಡತಿಯನ್ನೂ ಹೊರಗೆ ಹಾಕಿದರು. 1980ರ ದಶಕದಿಂದ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದು ರೋಗವು ಗುಣವಾಗತೊಡಗಿತು. ಹಾಗೆಂದು ಕೇವಲ ವಿಜ್ಞಾನದ ಜಯಘೋಷ ಮಾಡಿದರೂ ಅನ್ಯಾಯವೇ. ಔಷಧಿಯಿಲ್ಲದ ಕಾಲದಲ್ಲಿ, ಯಾರೂ ಮುಟ್ಟದ ಆ ಹುಣ್ಣುಗಳನ್ನು ತೊಳೆದವರಲ್ಲಿ ದೇವರ ಹೆಸರಿನಲ್ಲಿ ಬಂದವರೇ ಅನೇಕರು. ಒಂದೇ ನಂಬಿಗೆಯು ಒಬ್ಬನಿಂದ ಬಾಗಿಲು ಮುಚ್ಚಿಸಿತು, ಇನ್ನೊಬ್ಬನಿಂದ ಗಾಯ ಕಟ್ಟಿಸಿತು. ಆದುದರಿಂದ ಏನನ್ನು ನಂಬುತ್ತೀರಿ ಎಂಬುದರ ಜೊತೆಗೆ, ಆ ನಂಬಿಗೆ ನಿಮ್ಮಿಂದ ಏನು ಮಾಡಿಸುತ್ತದೆ ಎಂದೂ ಕೇಳತಕ್ಕದ್ದು.

ದುಃಖದ ಕಾಲದಲ್ಲಿ ಮಾತ್ರ ನಂಬಿಗೆಯುಳ್ಳವರಿಗೆ ಒಂದು ಆಸರೆಯುಂಟೆಂಬುದನ್ನು ಒಪ್ಪಲೇಬೇಕು. ನಮ್ಮ ಅವ್ವ ಊರಲ್ಲಿ ಇಂದಿಗೂ ದೀಪ ಹಚ್ಚದೆ ಒಲೆ ಹೊತ್ತಿಸುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ಆ ದೀಪವೇ ಅವಳನ್ನು ಎಬ್ಬಿಸಿ ನಿಲ್ಲಿಸಿತು. ‘ಅವನ ಹಂತ್ಯಾಕ ಹೋಗ್ಯಾರ’ ಎಂದು ಅವಳು ಹೇಳುವಾಗ ನಮಗೆ ಆ ಮಾತಿನಲ್ಲಿ ಪೂರ್ಣ ವಿಶ್ವಾಸ ಬರುವುದಿಲ್ಲ. ಅಲ್ಲವೆನ್ನಲು ಬಾಯಿಯೂ ಬರುವುದಿಲ್ಲ. ಅಗಲಿದವರು ಮತ್ತೆ ಸಿಕ್ಕುವರೆಂಬ ಸಮಾಧಾನವನ್ನು ಸಂಶಯವು ಕೊಡಲಾರದು. ನಂಬದವನು ಆ ಕೊರತೆಯನ್ನು ಮುಚ್ಚಿಡಬಾರದು. ಅಳುವವರ ಪಕ್ಕದಲ್ಲಿ ಹೆಚ್ಚು ಹೊತ್ತು ಕುಳಿತು ಅದನ್ನು ತುಂಬಿಕೊಡಬೇಕು. ಅವ್ವನಿಗೆ ಇನ್ನೊಂದು ರೂಢಿಯಿದೆ. ರೊಟ್ಟಿ ಬಡಿಯುವಾಗ, ಬಂದವರಿಗಿರಲೆಂದು ಒಂದನ್ನು ತೆಗೆದಿಡುತ್ತಾಳೆ. ಅವಳ ದೀಪ ನಮ್ಮ ಕೈಗೆ ಬರಲಿಲ್ಲ. ಆ ರೊಟ್ಟಿಯಾದರೂ ಬರಲಿ ಎಂಬುದು ನಮ್ಮ ಆಸೆ.

ಇನ್ನು ಆ ಹುಡುಗನಿಗೆ ನೇರವಾಗಿ ಹೇಳಬೇಕಾದುದು. ಮಗೂ, ನಿನ್ನ ತಾಯಿಯ ಪ್ರಾರ್ಥನೆ ಫಲಿಸಲಿಲ್ಲವೆಂಬುದು ನಿಜ. ಏಕೆಂದು ನಾವು ಹೇಳಲಾರೆವು. ಹೇಳಬಲ್ಲೆವೆನ್ನುವವರ ಮಾತನ್ನು ಮೆಲ್ಲಗೆ ತೂಗಿ ನೋಡು. ಆದರೆ ದರ್ಗೆಯಿಂದ ಗುಡಿಗೆ ಓಡಾಡಿದ ಆ ಕಾಲುಗಳಲ್ಲಿದ್ದ ಪ್ರೀತಿ ಸುಳ್ಳಲ್ಲ. ಅದೇ ತಾಯಿ ಈಗ ದುಡಿದು ನಿನ್ನನ್ನು ಶಾಲೆಗೆ ಕಳಿಸುತ್ತಿದ್ದಾಳೆ. ನಿನ್ನ ಬಾಳು ಯಾರಿಗೋ ಬೇಕಾಗಿದೆ. ಅರ್ಥವೆಂಬುದು ಮುಗಿಲಿನಿಂದ ಬೀಳದಿದ್ದರೂ ಅಲ್ಲಿಂದ ಮೊಳೆಯುತ್ತದೆ. ನಾಳೆ ನಿನಗೆ ದೇವರಲ್ಲಿ ಮತ್ತೆ ನಂಬಿಗೆ ಹುಟ್ಟಬಹುದು, ಹುಟ್ಟದಿರಲೂಬಹುದು. ಎರಡಕ್ಕೂ ನೀನು ನಾಚಬೇಕಾಗಿಲ್ಲ. ನಮ್ಮ ಗ್ರಂಥಾಲಯದಲ್ಲಿ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವಿದೆ, 1943ರದು; ಅದರಲ್ಲಿ ಸಂಶಯವೂ ಭಕ್ತಿಯೂ ಒಂದೇ ಮನೆಯಲ್ಲಿ ವಾಸಿಸುತ್ತವೆ. ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿ 1991ರಲ್ಲಿ ಪ್ರಕಟಿಸಿದ ‘ದೇವರು’ ಇದೆ. ಅದರಲ್ಲಿ ದೇವರನ್ನು ಒಪ್ಪದವರೊಬ್ಬರು ದನಿಯೇರಿಸದೆ ಮಾತನಾಡುತ್ತಾರೆ. ಎರಡನ್ನೂ ಓದು.

ಈ ಪ್ರಶ್ನೆ ನಮಗೂ ಹೊರತಾದುದಲ್ಲ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುವುದನ್ನು ಎಲ್ಲರೂ ಬಲ್ಲರು. ಖಾಲಿ ಬೆಂಚುಗಳ ಮುಂದೆ ನಿಂತು ಸಂಧಿಸಮಾಸಗಳನ್ನು ಹೇಳುವಾಗ, ಇದಕ್ಕೇನು ಅರ್ಥ ಎಂಬ ಶಂಕೆ ನಮ್ಮನ್ನೂ ಮುತ್ತುತ್ತದೆ. ಆಗ ನಾವು ನೆನೆಯುವುದು ಈ ನಗರದ ಕನ್ನಡ ರಾತ್ರಿಶಾಲೆಗಳನ್ನು. ಹಗಲೆಲ್ಲ ಹೊಟೇಲಿನಲ್ಲಿ ಕಪ್ಪುಬಸಿ ತೊಳೆದ ಹುಡುಗರು ರಾತ್ರಿ ನಿದ್ದೆಗಣ್ಣಿನಲ್ಲಿ ಬಂದು ಕುಳಿತು ಓದಿದರು. ದಣಿದ ಶಿಕ್ಷಕರು ಅವರಿಗೆ ಕಲಿಸಿದರು. ಮುಂದೆ ಎಷ್ಟು ಮಂದಿ ಬರುವರೆಂದು ಅವರು ಎಣಿಸುತ್ತ ಕೂರಲಿಲ್ಲ, ಬಂದವನಿಗೆ ಕಲಿಸಿದರು. ನಮಗೂ ಅಷ್ಟು ಸಾಕು.

ಕೊನೆಯಲ್ಲಿ ನಮ್ಮ ಸೂಚನೆಗಳು ಎರಡು. ಮೇಲಿನ ತರಗತಿಗಳಲ್ಲಿ ತಿಂಗಳಿಗೊಂದು ಅವಧಿಯನ್ನು ಅಂಕಗಳಿಲ್ಲದ ಪ್ರಶ್ನೆಗಳಿಗಾಗಿ ಬಿಡಬೇಕು. ಅಲ್ಲಿ ನಂಬುವ ಮಗುವನ್ನಾಗಲಿ ನಂಬದ ಮಗುವನ್ನಾಗಲಿ ಯಾರೂ ನಗಬಾರದು. ಎರಡನೆಯದು, ಹತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೆಳಗಿನ ತರಗತಿಯ ಒಂದು ಮಗುವಿಗೆ ಓದು ಕಲಿಸುವ ಹೊಣೆಯನ್ನು ಹೊರಬೇಕು. ಬಾಳಿನ ಅರ್ಥದ ಮೇಲೆ ನಾವು ಮಾಡುವ ಹತ್ತು ಭಾಷಣಗಳಿಗಿಂತ ಆ ಕೆಲಸವೇ ಹೆಚ್ಚಿನದನ್ನು ತಿಳಿಸೀತು.

ಆ ಹುಡುಗನ ವಹಿಯನ್ನು ನಾವು ಮತ್ತೆ ಕೇಳಿ ಪಡೆದು, ಅಂಚಿನಲ್ಲಿ ಬರೆದುದನ್ನು ಹೊಡೆದುಹಾಕಿದ್ದೇವೆ.