ಜೋಳಿಗೆ ಹಿಡಿದ ನಿರ್ದೇಶಕನ ಲೆಕ್ಕ

ಮಲಯಾಳಂ ನಿರ್ದೇಶಕ ಜಾನ್ ಅಬ್ರಹಾಂ ಹೆಸರೆತ್ತಿದರೆ ಸಾಕು, ಕುಡಿತದ ಕಥೆಗಳು ಶುರುವಾಗುತ್ತವೆ. ಬಳ್ಳಾರಿಯ ಎಲ್‌ಐಸಿ ನೌಕರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವ, ಋತ್ವಿಕ್ ಘಟಕರ ಶಿಷ್ಯ, ಮನೆಮಠವಿಲ್ಲದ ಅಲೆಮಾರಿ. ದಂತಕಥೆಗೆ ಇನ್ನೇನು ಬೇಕು? ಆದರೆ ಈ ಮನುಷ್ಯ ಸಿನಿಮಾದ ದುಡ್ಡಿನ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸದಷ್ಟು ಗಟ್ಟಿಯಾಗಿ ಯೋಚಿಸಿದ್ದ ಎಂಬುದು ಆ ಕಥೆಗಳಲ್ಲಿ ಬರುವುದೇ ಇಲ್ಲ.

ಆತ ಮಾಡಿದ ಕಥಾಚಿತ್ರಗಳು ನಾಲ್ಕೇ. ಅಗ್ರಹಾರಕ್ಕೆ ಕತ್ತೆಮರಿಯನ್ನು ತಂದು ಸಾಕುವ ಪ್ರೊಫೆಸರನ ಕಥೆ, 1977ರ ತಮಿಳು ಚಿತ್ರ ‘ಅಗ್ರಹಾರತ್ತಿಲ್ ಕಳುದೈ’ಗೆ ರಾಷ್ಟ್ರಪ್ರಶಸ್ತಿ ಬಂತು. ದೂರದರ್ಶನ ಮಾತ್ರ ಅದನ್ನು ಪ್ರಸಾರ ಮಾಡುತ್ತೇನೆಂದು ಹೇಳಿ ಕೈಬಿಟ್ಟಿತು. ಪದಕ ಕೊಡುವ ಸರ್ಕಾರ ಪರದೆ ಕೊಡುವುದಿಲ್ಲ.

1984ರಲ್ಲಿ ಕೋಯಿಕ್ಕೋಡಿನ ಗೆಳೆಯರೊಂದಿಗೆ ‘ಒಡೆಸ್ಸಾ’ ಕೂಟ ಹುಟ್ಟಿತು. 16 ಎಂಎಂ ಪ್ರೊಜೆಕ್ಟರ್ ಹೊತ್ತು ಊರೂರು ತಿರುಗುವುದು, ಚಾಪ್ಲಿನ್‌ನ ‘ದಿ ಕಿಡ್’ ತೋರಿಸುವುದು, ನೋಡಿದವರು ಕೊಟ್ಟಷ್ಟು ಚಂದಾ ಎತ್ತುವುದು. ಆ ಚಿಲ್ಲರೆ ಕಾಸಿನಲ್ಲೇ 1986ರಲ್ಲಿ ‘ಅಮ್ಮ ಅರಿಯಾನ್’ ತಯಾರಾಯಿತು. ದೆಹಲಿಗೆ ಹೊರಟ ಪುರುಷನ್ ವಯನಾಡಿನಲ್ಲಿ ನೇಣಿಗೆ ಬಿದ್ದ ಹೆಣವೊಂದನ್ನು ಕಾಣುತ್ತಾನೆ. ಸತ್ತವನು ತಬಲಾ ವಾದಕ ಹರಿ. ಸುದ್ದಿಯನ್ನು ಕೊಚ್ಚಿಯಲ್ಲಿರುವ ಅವನ ತಾಯಿಗೆ ಮುಟ್ಟಿಸಬೇಕು. ದಾರಿಯುದ್ದಕ್ಕೂ ಒಬ್ಬೊಬ್ಬರೇ ಗೆಳೆಯರು ಜೊತೆಯಾಗಿ, ತಾಯಿಯ ಬಾಗಿಲು ಮುಟ್ಟುವ ಹೊತ್ತಿಗೆ ಅದೊಂದು ದಂಡೇ ಆಗಿರುತ್ತದೆ. ಚಿತ್ರಕ್ಕೆ ದುಡ್ಡು ಕೂಡಿದ್ದೂ ಹೀಗೇ ತಾನೆ? ಒಬ್ಬನೇ ಧಣಿ ಹಣ ಹಾಕಿದ್ದರೆ ಈ ಕಥೆ ಒಬ್ಬ ನಾಯಕನ ಕಥೆಯಾಗುತ್ತಿತ್ತು ಎಂಬುದು ನನ್ನ ಗುಮಾನಿ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹೆಗ್ಗೋಡಿನ ನೀನಾಸಂ ‘ಜನಸ್ಪಂದನ’ದ ಮೂಲಕ ನಮ್ಮ ಹಳ್ಳಿಗಳಿಗೆ ಜಗತ್ತಿನ ಸಿನಿಮಾ ಒಯ್ದಿತ್ತು. ಆ ಪ್ರೇಕ್ಷಕರಿಂದಲೇ ಕಾಸು ಎತ್ತಿ ಚಿತ್ರ ಮಾಡುವ ಸಾಹಸಕ್ಕೆ ಇಲ್ಲಿ ಯಾರೂ ಇಳಿಯಲಿಲ್ಲ. 2013ರಲ್ಲಿ ಪವನ್ ಕುಮಾರ್ ಜನರಿಂದ ಹಣ ಕೂಡಿಸಿ ‘ಲೂಸಿಯಾ’ ಮಾಡಿದರು, ಗೆದ್ದರು. ಆದರೆ ಅದು ನಿರ್ಮಾಪಕನನ್ನು ಬದಲಿಸಿತೇ ಹೊರತು ಟಾಕೀಸಿನ ಹಂಗನ್ನು ಕಳಚಲಿಲ್ಲ. ಒಡೆಸ್ಸಾಗೆ ದುಡ್ಡು ಕೊಟ್ಟವರ ಊರೇ ಚಿತ್ರಮಂದಿರವೂ ಆಗಿತ್ತು. ಇಂದು ಕನ್ನಡದ ಸ್ವತಂತ್ರ ನಿರ್ದೇಶಕ ಸಬ್ಸಿಡಿಗೆ ಅರ್ಜಿ ಹಾಕುತ್ತಾನೆ, ಚಿತ್ರೋತ್ಸವ ಸುತ್ತುತ್ತಾನೆ, ಕೊನೆಗೆ ಮಲ್ಟಿಪ್ಲೆಕ್ಸಿನ ಬೆಳಗಿನ ಒಂದು ಶೋಗೆ ಅಂಗಲಾಚುತ್ತಾನೆ.

ಒಡೆಸ್ಸಾದ ದೌರ್ಬಲ್ಯವನ್ನೂ ಮುಚ್ಚಿಡಬಾರದು. ಕೂಟ ಎಲ್ಲರದಾಗಿದ್ದರೂ ಜನ ಜೇಬಿಗೆ ಕೈ ಹಾಕಿದ್ದು ಜಾನ್ ಮುಖ ನೋಡಿ. 1987ರ ಮೇ 31ರಂದು ಕೋಯಿಕ್ಕೋಡಿನ ಕಟ್ಟಡವೊಂದರಿಂದ ಬಿದ್ದು ಆತ ತೀರಿಕೊಂಡಾಗ ವಯಸ್ಸು ಐವತ್ತೂ ತುಂಬಿರಲಿಲ್ಲ. ಆ ಜೋಳಿಗೆಯಿಂದ ‘ಅಮ್ಮ ಅರಿಯಾನ್’ನ ತೂಕದ ಇನ್ನೊಂದು ಕಥಾಚಿತ್ರ ಬರಲಿಲ್ಲ.